ಹ್ಯಾಮ್ ರೇಡಿಯೋ ಬೇಕಾ? ಲೈಸೆನ್ಸ್ ಮೊದಲು, ಸೆಟ್ ಆಮೇಲೆ

ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ಅಂತ ರೇಡಿಯೋದಲ್ಲಿ ಮಾತಾಡೋದು; ಹಾಗೆ ಮಾತಾಡುವವರನ್ನೂ ಹ್ಯಾಮ್ ಅಂತಾರೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ವಾಕಿಟಾಕಿ ತರಿಸಿಕೊಂಡು, ಲೈಸೆನ್ಸ್ ಆಮೇಲೆ ನೋಡೋಣ ಅನ್ನಬೇಡಿ. ಪಹಲ್ಗಾಮ್ ದಾಳಿಯ ಮರುತಿಂಗಳು, 2025ರ ಮೇನಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಸೆಟ್ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ತಿಂಗಳ ಕೊನೆಗೆ ಹೊಸ ಮಾರ್ಗಸೂಚಿಯೂ ಬಂತು. ಲೈಸೆನ್ಸ್ ಬೇಡದ, 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳೂ ಇವೆ, ಆದರೆ ಅದು ಹ್ಯಾಮ್ ಅಲ್ಲ.

ಇದೆಲ್ಲ ಗಡಿ ಭದ್ರತೆಯ ಮಾತು, ಗಡಿ ಎಲ್ಲಿ, ನಮ್ಮ ಬೀದರ್ ಎಲ್ಲಿ ಅನ್ನಿಸಬಹುದು. ಆದರೆ ಆಳಂದದ ಮಾಳಿಗೆ ಮೇಲೆ ಕಟ್ಟಿದ ತಂತಿಯಿಂದ ಹೊರಟ ಶಾರ್ಟ್‌ವೇವ್ ಮಾತು ದೇಶದ ಆಚೆಗೂ ಕೇಳುತ್ತದೆ. ಸರ್ಕಾರಕ್ಕೆ ಅಳುಕು ಇರೋದು ಅದಕ್ಕೇ, ಮತ್ತು ಆ ಅಳುಕು ಇವತ್ತಿನದಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಹೊಸ ಲೈಸೆನ್ಸ್ ನಿಲ್ಲಿಸಿ, ಇದ್ದವರು ತಮ್ಮ ಟ್ರಾನ್ಸ್‌ಮಿಟರ್‌ಗಳನ್ನು ಪೊಲೀಸರಿಗೆ ಒಪ್ಪಿಸಬೇಕು ಅಂದಿದ್ದರು. ಅಂಡಮಾನ್‌ನಲ್ಲಂತೂ ಎಷ್ಟೋ ವರ್ಷ ಹ್ಯಾಮ್‌ಗಳಿಗೆ ಅನುಮತಿಯೇ ಇರಲಿಲ್ಲ. ಕೊನೆಗೆ 2004ರಲ್ಲಿ ಭಾರತಿ ಪ್ರಸಾದ್ ಅವರ ತಂಡಕ್ಕೆ ಅನುಮತಿ ಸಿಕ್ಕಿತು. ಅವರು ಪೋರ್ಟ್ ಬ್ಲೇರ್‌ನಲ್ಲಿ ಇದ್ದಾಗಲೇ ಡಿಸೆಂಬರ್ 26ರ ಸುನಾಮಿ ಬಂತು, ಫೋನ್ ಸತ್ತಾಗ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಅವರ ರೇಡಿಯೋ. ಹಾಗಾಗಿ ನನ್ನ ಮಾತು ಇಷ್ಟೇ: ಸರ್ಕಾರ ಎಚ್ಚರವಾಗಿರಲಿ, ಬಾಗಿಲು ಮಾತ್ರ ಮುಚ್ಚಬಾರದು. ನಾವು ಕಾಗದಪತ್ರ ಸರಿಯಾಗಿ ಇಟ್ಟುಕೊಂಡಷ್ಟೂ ಬಾಗಿಲು ತೆರೆದಿರಲಿ ಅಂತ ಗಟ್ಟಿಯಾಗಿ ಕೇಳಬಹುದು.

ಈಗ ಕೆಲಸಕ್ಕೆ ಬರೋಣ. ವಯಸ್ಸು 12 ದಾಟಿದ್ದರೆ ಸಾಕು. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮೊದಲು ರಿಸ್ಟ್ರಿಕ್ಟೆಡ್ ದರ್ಜೆ ತಗೊಳ್ಳಿ, ಅದಕ್ಕೆ ಮೋರ್ಸ್ (ಚುಕ್ಕೆ-ಗೆರೆಗಳಲ್ಲಿ ಸುದ್ದಿ ಕಳಿಸುವ ಲಿಪಿ) ಬೇಡ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬರಬೇಕು. ಪರೀಕ್ಷೆ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ಗಳಲ್ಲಿ ನಡೆಯುತ್ತದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಅಲ್ವಾ, ಅಲ್ಲಿ ಯಾವಾಗ ಇದೆ ಅಂತ ಮೊದಲು ನೋಡಿಕೊಳ್ಳಿ. ಪಾಸಾದರೆ 20 ವರ್ಷದ ಲೈಸೆನ್ಸ್‌ಗೆ 1000 ರೂಪಾಯಿ, ಜೀವನಪೂರ್ತಿಗೆ 2000.

ಅರ್ಜಿಯಲ್ಲಿ ನಮ್ಮ ಕಡೆಯವರು ನೋಡಬೇಕಾದ್ದು ಒಂದಿದೆ. 2014ರ ನವೆಂಬರ್‌ಗೂ ಮುಂಚಿನ ಮಾರ್ಕ್ಸ್ ಕಾರ್ಡ್‌ನಲ್ಲಿ ಗುಲ್ಬರ್ಗಾ ಅಂತ ಇರುತ್ತದೆ, ಆಧಾರ್‌ನಲ್ಲಿ ಕಲಬುರಗಿ. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಲೈಸೆನ್ಸ್ ನಿಮ್ಮ ವಿಳಾಸಕ್ಕೆ ಅಂಟಿಕೊಂಡೇ ಬರುತ್ತದೆ, ಆದ್ದರಿಂದ ಆಧಾರ್ ಸರಿಮಾಡಿಸಿಕೊಂಡು, ಅದರಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ತುಂಬಿ. ಮನೆ ಬದಲಾಯಿಸಿದರೆ ತಿಳಿಸಬೇಕು.

ಎಲೆಕ್ಟ್ರಾನಿಕ್ಸ್ ಅಷ್ಟೇ ಓದಿ ಹೋಗಬೇಡಿ, ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಪಾಲು ನಿಯಮಗಳದ್ದು. ಗುಪ್ತ ಭಾಷೆ ಬೇಡ, ವ್ಯಾಪಾರದ ಮಾತು ಬೇಡ, ಹಾಡು ಹಾಕೋದು ಬೇಡ, ಮಾತಿನ ಶುರುವಿಗೂ ಕೊನೆಗೂ ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಸಿಗುವ ನಿಮ್ಮ ಗುರುತಿನ ಸಂಕೇತ, ಹೇಳಬೇಕು.

ಕಾಲ್‌ಸೈನ್ ಬಂದ ಮೇಲೆ ಸೆಟ್ ತಗೊಳ್ಳಿ. ಅಗ್ಗದ ಚೀನಾ ಸೆಟ್ ಸಾಮಾನ್ಯವಾಗಿ 136ರಿಂದ 174 ಮೆಗಾಹರ್ಟ್ಸ್‌ವರೆಗೂ ಟ್ರಾನ್ಸ್‌ಮಿಟ್ ಮಾಡುತ್ತದೆ, ಅದರಲ್ಲಿ ನಿಮ್ಮದು 144–146 ಮಾತ್ರ. ಒಂದು ಅಂಕಿ ತಪ್ಪು ಒತ್ತಿದರೂ ಬೇರೆ ಇಲಾಖೆಯ ಮಾತಿನ ನಡುವೆ ನುಗ್ಗಿಬಿಡುತ್ತೀರಿ. ಅದಕ್ಕೇ 144–146 ಮತ್ತು 434–438ರ ಒಳಗಿನ ಚಾನೆಲ್‌ಗಳನ್ನು ಮೊದಲೇ ಮೆಮೊರಿಗೆ ಹಾಕಿ, ಕೀಪ್ಯಾಡ್ ಲಾಕ್ ಮಾಡಿ. ಹೊರಗೆ ಒಯ್ಯುವಾಗ ಲೈಸೆನ್ಸ್ ಪ್ರತಿ ಜೇಬಿನಲ್ಲಿ ಇರಲಿ. ಬೀದರ್‌ನವರು ಎತ್ತರದ ಕಂಬ ನಿಲ್ಲಿಸುವ ಮುಂಚೆ ಅನುಮತಿ ಕೇಳಲೇಬೇಕು, ಊರಿನಲ್ಲೇ ವಾಯುಪಡೆಯ ತರಬೇತಿ ನೆಲೆ ಇದೆ.

ಬೇರೆಯವರ ಮಾತು ಕಿವಿಗೆ ಬಿದ್ದರೆ ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕಬೇಡಿ. ಅನುಮಾನ ಬಂದರೆ ತಾರೀಖು, ಸಮಯ, ಫ್ರೀಕ್ವೆನ್ಸಿ, ಭಾಷೆ ಲಾಗ್‌ಬುಕ್‌ನಲ್ಲಿ ಬರೆದು ಪೊಲೀಸರಿಗೆ ತಿಳಿಸಿ. 2024ರ ಕೊನೆಯಲ್ಲಿ ಬಾಂಗ್ಲಾ ಗಡಿ ಹತ್ತಿರ ಅನುಮಾನದ ಸಿಗ್ನಲ್ ಕೇಳಿ ಅಧಿಕಾರಿಗಳಿಗೆ ಹೇಳಿದವರು ಪಶ್ಚಿಮ ಬಂಗಾಳದ ಹ್ಯಾಮ್‌ಗಳೇ.

ಇನ್ನೊಂದು ಕೆಲಸ ಬಾಕಿ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ಊರುಗಳಿಗೆ ನುಗ್ಗಿದ್ದು ನೆನಪಿರಬಹುದು. ಕಾಲ್‌ಸೈನ್ ಸಿಕ್ಕ ಕೂಡಲೇ ಡಿಸಿ ಆಫೀಸಿನ ವಿಪತ್ತು ನಿರ್ವಹಣಾ ವಿಭಾಗಕ್ಕೆ ಹೋಗಿ, ನಿಮ್ಮ ಹೆಸರು, ಫೋನ್ ನಂಬರ್, ಬ್ಯಾಟರಿ ಮೇಲೆ ಎಷ್ಟು ಹೊತ್ತು ಸೆಟ್ ನಡೆಯುತ್ತದೆ ಅನ್ನೋದನ್ನು ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ.