ಕರೆಂಟು ಹೋಗಿ ಕೆಟ್ಟ ವೇವ್ (.wav) ದನಿ ಫೈಲನ್ನು ಉಳಿಸಿಕೊಳ್ಳುವ ಬಗೆ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ತಾಳಮದ್ದಲೆ ರೆಕಾರ್ಡ್ ಮಾಡುವಾಗ ಕರೆಂಟು ಹೋದರೆ, ಫೈಲು 600 ಎಂಬಿ ಇದ್ದರೂ ಪ್ಲೇಯರ್ 0 ಸೆಕೆಂಡ್ ಎಂದೇ ತೋರಿಸಬಹುದು. ದಯವಿಟ್ಟು ಅಳಿಸಬೇಡಿ. ದನಿ ಸಾಮಾನ್ಯವಾಗಿ ಒಳಗೇ ಇರುತ್ತದೆ. ಕೆಟ್ಟಿರುವುದು ಹೆಡರ್, ಅಂದರೆ ಫೈಲಿನ ವಿವರ ಹೇಳುವ ಮೊದಲ ಭಾಗ, ಮಾತ್ರ. ಎಷ್ಟು ಬೈಟ್ ದನಿ ಇದೆ ಎಂಬುದನ್ನು ರೆಕಾರ್ಡರ್ ಸಾಮಾನ್ಯವಾಗಿ ನಿಲ್ಲಿಸುವಾಗ ಬರೆಯುತ್ತದೆ, ಅದಕ್ಕೆ ಸಮಯ ಸಿಕ್ಕಿಲ್ಲ.

ಮೊದಲು ಫೈಲಿನ ನಕಲು ತೆಗೆದು, ನಕಲನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟ್‌ಗಳನ್ನು ಹೆಕ್ಸ್, ಅಂದರೆ 16ರ ಲೆಕ್ಕದ ಅಂಕಿಗಳಲ್ಲಿ ತೋರಿಸಿ ತಿದ್ದಲು ಬಿಡುವ ತಂತ್ರಾಂಶ) ತೆರೆಯಿರಿ. ಸರಳ ಹೆಡರ್ 44 ಬೈಟ್. 0ಯಿಂದ ಎಣಿಸಿದರೆ 4–7ರಲ್ಲಿ ಫೈಲಿನ ಒಟ್ಟು ಅಳತೆಯಲ್ಲಿ 8 ಕಳೆದ ಸಂಖ್ಯೆ, 40–43ರಲ್ಲಿ 44 ಕಳೆದ ಸಂಖ್ಯೆ ಇರಬೇಕು. ಎಡವುವುದು ಇಲ್ಲೇ: ಸಂಖ್ಯೆಯ ಕೊನೆಯ ಬೈಟ್ ಮೊದಲು ಬರುತ್ತದೆ (ಇದಕ್ಕೇ ಲಿಟಲ್ ಎಂಡಿಯನ್ ಎನ್ನುವುದು). ಉದಾಹರಣೆಗೆ 96,000 ಎಂಬುದು ಹೆಕ್ಸಿನಲ್ಲಿ 17700. ಬರೆಯುವುದು 00 77 01 00. ಕೆಲವು ರೆಕಾರ್ಡರ್‌ಗಳು ನಡುವೆ ಬೇರೆ ಮಾಹಿತಿಯನ್ನೂ ತುಂಬುತ್ತವೆ. ಆಗ ಇಂಗ್ಲಿಷ್ ಸಣ್ಣಕ್ಷರದ 'data' ಗುರುತನ್ನು ಹುಡುಕಿ, ಅದರ ಮುಂದಿನ 4 ಬೈಟ್ ತಿದ್ದಿ. ಆ ನಾಲ್ಕರ ನಂತರ ಉಳಿದದ್ದೇ ದನಿಯ ಅಳತೆ.

ಇದು ಬೇಡವೆಂದರೆ ದನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ (Audacity) ಕಚ್ಚಾ ಡೇಟಾ (Raw Data) ಆಮದು ಮಾಡಿ: 16 ಬಿಟ್, ಲಿಟಲ್ ಎಂಡಿಯನ್, ಸ್ಟೀರಿಯೋ, 44,100 ಹರ್ಟ್ಸ್, ಆಫ್‌ಸೆಟ್ (ಶುರುವಿನಲ್ಲಿ ಬಿಡಬೇಕಾದ ಬೈಟ್) 44. ರೆಕಾರ್ಡ್ ಮಾಡಿದ ಸೆಟ್ಟಿಂಗ್ ಬೇರೆಯಿದ್ದರೆ ಅದನ್ನೇ ಕೊಡಿ. ಬರೀ ಭೋರೆಂಬ ಸದ್ದು ಬಂದರೆ ಬಿಟ್ ಅಥವಾ ಆಫ್‌ಸೆಟ್ ತಪ್ಪಿದೆ. ಭಾಗವತರ ದನಿ ಎಳೆದಂತೆ ಕೇಳಿದರೆ ಹರ್ಟ್ಸ್ ಕಡಿಮೆ ಕೊಟ್ಟಿದ್ದೀರಿ.