ನವರಾತ್ರಿಯಿಂದ ಶಿವರಾತ್ರಿವರೆಗೆ ಎಮ್ಮೆ ಬೆದೆ ನೋಡುವ ಬಗೆ

ನಮ್ಮ ಎಮ್ಮೆ ಗೌರಿ ಕರು ಹಾಕಿದ್ದು ಚೌತಿ ಕಳೆದ ವಾರ. ನವೆಂಬರ್ ಕೊನೆಗೆ ಒಂದು ಸಂಜೆ ಮೂರು ಲೀಟರ್ ಕೊಡುವವಳು ಒಂದೂವರೆ ಲೀಟರಿಗೆ ನಿಲ್ಲಿಸಿಬಿಟ್ಟಳು. ನಾನು ಹಿಂಡಿಗೆ ಬೈದು, ಬೇರೆ ಹಿಂಡಿ ತರಿಸಿದೆ. ಮೂರು ವಾರ ಕಳೆದು ಮತ್ತೆ ಹಾಗೇ ಆಯ್ತು. ಬೆದೆ ಇರಬಹುದು ಅಂತ ಹೊಳೆದದ್ದು ಫೆಬ್ರವರಿಯಲ್ಲಿ. ಇಂಜೆಕ್ಷನ್ ಕೊಡಿಸಿದರೆ ಗಬ್ಬ ನಿಲ್ಲಲಿಲ್ಲ. (ಕೃತಕ ಗರ್ಭಧಾರಣೆಗೆ ಶಿರಸಿ ಕಡೆ ನಾವು ಇಂಜೆಕ್ಷನ್ ಅಂತಲೇ ಹೇಳುವುದು, ಸೂಜಿ ಇಲ್ಲದಿದ್ದರೂ.) ಆಮೇಲೆ ಬೇಸಿಗೆ ಬಂತು, ಗೌರಿ ತಣ್ಣಗಾದಳು. ಒಂದು ವರ್ಷ ಹಿಂದೆ ಬಿತ್ತು.

ಕುದುರೆ ಹಗಲು ಉದ್ದವಾಗುವಾಗ ಬೆದೆಗೆ ಬರುವ ಪ್ರಾಣಿ. ಎಮ್ಮೆ ಅದಕ್ಕೆ ತಿರುಗಾಮುರುಗಾ. ರಾತ್ರಿ ಉದ್ದವಾದ ಹಾಗೆ ಮಿದುಳಿನಲ್ಲಿ ಮೆಲಟೊನಿನ್ ಅನ್ನುವ ಹಾರ್ಮೋನು ಜಾಸ್ತಿಯಾಗಿ ಬೆದೆ ಚುರುಕಾಗುತ್ತದೆ. ಆದರೆ ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ, ಅಷ್ಟೇ. ಹಾಗಾಗಿ ನನ್ನ ಲೆಕ್ಕದಲ್ಲಿ ಸೆಕೆ ಮತ್ತು ಮೇವಿನದ್ದೇ ದೊಡ್ಡ ಪಾಲು. ಕಪ್ಪು ಚರ್ಮ, ಬೆವರುವುದೂ ಕಡಿಮೆ. ಏಪ್ರಿಲ್ ಬಿಸಿಲಿಗೆ ಎಮ್ಮೆ ಸೋತುಹೋಗುತ್ತದೆ.

ಕರು ಹಾಕಿ ಎರಡು ತಿಂಗಳಾದ ಮೇಲೆ ದಿನಾ ನೋಡಿ. ಆಕಳಂತೆ ಎಮ್ಮೆ ಕೂಗಿ ಕರೆಯುತ್ತದೆ, ಬೇರೆಯದರ ಮೇಲೆ ಹತ್ತುತ್ತದೆ ಅಂತ ಕಾದರೆ ಕಾದದ್ದೇ ಬಂತು. ಇದರದ್ದು ಮೂಕ ಬೆದೆ, ಹೆಚ್ಚಾಗಿ ರಾತ್ರಿ ಇಲ್ಲವೇ ಬೆಳಗಿನ ಜಾವ. ನಾನು ಈಗ ಐದು ಗಂಟೆಗೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗುತ್ತೇನೆ. ಎಮ್ಮೆಯನ್ನು ಎಬ್ಬಿಸುವ ಮೊದಲೇ ಹಿಂದೆ ಕೂತು ನೋಡಬೇಕು. ಮಲಗಿದ್ದಾಗ ದರಕಿನ (ಕೊಟ್ಟಿಗೆಗೆ ಹಾಸುವ ಒಣ ಎಲೆ) ಮೇಲೆ ಲೋಳೆ ಬಿದ್ದಿರುತ್ತದೆ. ತಲೆಗೆ ಹಚ್ಚಲು ದಾಸವಾಳದ ಸೊಪ್ಪು ಹಿಂಡುತ್ತೇವಲ್ವಾ, ಆ ಥರ ಎಳೆ ಬರುತ್ತದೆ. ಬಣ್ಣ ಮಾತ್ರ ನೀರಿನಷ್ಟು ತಿಳಿ. ಎದ್ದು ನಿಂತರೆ ಅದು ಬಾಲಕ್ಕೆ ಮೆತ್ತಿ ಗೊತ್ತೇ ಆಗುವುದಿಲ್ಲ. ಲೋಳೆ ಬೆಳ್ಳಗೆ ಕೀವಿನ ಹಾಗಿದ್ದರೆ ಅದು ಬೆದೆಯಲ್ಲ, ಸೋಂಕು. ಮೊದಲು ಡಾಕ್ಟರಿಗೆ ತೋರಿಸಿ.

ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುವುದು, ಯೋನಿ ಊದಿಕೊಳ್ಳುವುದು, ಹಾಲು ಬಿಡದೆ ಸತಾಯಿಸುವುದು ಕೂಡ ಗುರುತುಗಳೇ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ಫೋನ್ ಮಾಡುತ್ತೇನೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್. ಕಂಡ ಕೂಡಲೇ ಗಡಿಬಿಡಿ ಬೇಡ.

ಬೇಸಿಗೆಯಲ್ಲಿ ಪೂರ್ತಿ ಕೈಬಿಡಬೇಕಾಗಿಲ್ಲ. ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು ಹೊಯ್ಯಿರಿ, ಹೊಂಡವಿದ್ದರೆ ಬಿಡಿ. ಹಸಿ ಮೇವನ್ನು ಸಂಜೆ ತಂಪಿಗೆ ಹಾಕಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ; ಇದನ್ನು ಬಿಟ್ಟು ಬರೀ ಕರಡ (ಒಣಹುಲ್ಲು) ತಿನ್ನಿಸಿದರೆ ಚಳಿಗಾಲದಲ್ಲೂ ಬೆದೆ ಸರಿ ಬರುವುದಿಲ್ಲ.

ಇಂಜೆಕ್ಷನ್ ಆದ ದಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ಗುಂಡು ಹಾಕಿ. ಅಲ್ಲಿಂದ 21 ದಿನದ ಆಚೀಚೆ ಮತ್ತೆ ಬ್ಯಾಟರಿ ಹಿಡಿದು ಹೋಗಿ. ಏನೂ ಕಾಣಲಿಲ್ಲ ಅಂದರೆ ಗಬ್ಬ ನಿಂತಿತು ಅಂತ ಹಿಗ್ಗಬೇಡಿ, ಮೂಕ ಬೆದೆ ತಾನೆ. ಎರಡೂವರೆ ಮೂರು ತಿಂಗಳಿಗೆ ಡಾಕ್ಟರು ಕೈ ಹಾಕಿ ನೋಡಿಯೇ ಹೇಳಬೇಕು. ಗೌರಿಗೆ ಈ ಸಲದ ಗುಂಡು ನವೆಂಬರ್ 10ಕ್ಕೆ. ಹತ್ತು ತಿಂಗಳು ಹತ್ತು ದಿನ ಎಣಿಸಿದರೆ ಮತ್ತೆ ಚೌತಿಯ ಹೊತ್ತಿಗೇ ಬಂತು. ಕಾಯಿಕಡುಬಿನ ಗಲಾಟೆಯಲ್ಲಿ ಬಾಣಂತನ ಬೇರೆ.