ಕಂಟ್ರೋಲರ್ ಎಸೆಯದೆ ಶವೆಲ್ ನೈಟ್ ಮುಗಿಸೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಶವೆಲ್ ನೈಟ್ ಅನ್ನೋ ಈ ವಿಡಿಯೋ ಗೇಮ್‌ನಲ್ಲಿ ನಾನು ಸತ್ತಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ದುಡ್ಡಿನ ಆಸೆಗೆ ಸತ್ತಿದ್ದು. ಗುಂಡಿಯ ಮೇಲೆ ರೆಕ್ಕೆ ಬಡಿಯುತ್ತಾ ತೇಲುವ ಚಿನ್ನದ ಚೀಲ ಕಾಣುತ್ತದೆ, ಇಷ್ಟೇ ತಾನೇ ಒಂದು ಜಿಗಿತ ಅಂತ ಹಾರುತ್ತೇವೆ, ಅಷ್ಟೇ, ಕಥೆ ಮುಗಿಯಿತು. ಹಾಗಾಗಿ ಯಾವ ಬಾಸ್‌ಗೆ, ಅಂದರೆ ಲೆವೆಲ್ ಕೊನೆಯ ದೊಡ್ಡ ಶತ್ರುವಿಗೆ, ಎಷ್ಟು ಏಟು ಅನ್ನೋ ಪಟ್ಟಿ ಇಲ್ಲಿ ಸಿಗೋದಿಲ್ಲ. ಯಾವ ದುಡ್ಡು ಎತ್ತಿಕೊಳ್ಳಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಅನ್ನೋದು ಗೊತ್ತಾದರೆ ಉಳಿದದ್ದು ಕೈ ತಾನಾಗಿಯೇ ಕಲಿಯುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಶವೆಲ್ ನೈಟ್ ಬಂದಿದ್ದು 2014ರ ಜೂನ್‌ನಲ್ಲಿ. ಮಾಡಿದ್ದು ಯಾಟ್ ಕ್ಲಬ್ ಗೇಮ್ಸ್ ಅನ್ನೋ ಅಮೆರಿಕದ ಚಿಕ್ಕ ತಂಡ. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಹತ್ತಿರ 75,000 ಡಾಲರ್ ಕೇಳಿದರು, ಬಂದಿದ್ದು ಮೂರು ಲಕ್ಷಕ್ಕಿಂತ ಜಾಸ್ತಿ. ಕಥೆ ಸರಳ. ಒಬ್ಬ ನೀಲಿ ಕವಚದ ಯೋಧ, ಅವನ ಕೈಯಲ್ಲಿ ಕತ್ತಿ ಇಲ್ಲ, ಸಲಿಕೆ ಇದೆ. ಜೊತೆಗಾತಿ ಶೀಲ್ಡ್ ನೈಟ್ ಕಳೆದುಹೋಗಿದ್ದಾಳೆ. ಮಾಟಗಾತಿ ಒಬ್ಬಳು ಎಂಟು ಯೋಧರನ್ನು ದಾರಿಗೆ ಅಡ್ಡ ಇಟ್ಟಿದ್ದಾಳೆ. ಹೋಗಿ ಒಬ್ಬೊಬ್ಬರನ್ನೇ ಹೊಡೆಯಬೇಕು.

ನೋಡೋದಕ್ಕೆ ತೊಂಬತ್ತರ ದಶಕದಲ್ಲಿ ನಾವು ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಟಿವಿ ಗೇಮ್ ಥರಾನೇ ಇದೆ. ಆದರೆ ಇದು ಒಳ್ಳೆಯ ರೀತಿಯ ಮೋಸ. ಆ ಹಳೇ 8-ಬಿಟ್ ಮೆಷಿನ್‌ನಲ್ಲಿ ಒಂದೇ ಸಾಲಿನಲ್ಲಿ ಎಂಟಕ್ಕಿಂತ ಜಾಸ್ತಿ ಚಿತ್ರದ ತುಂಡು ಬಂದರೆ ಮಿಣುಕು ಶುರುವಾಗುತ್ತಿತ್ತು, ನೆನಪಿದೆ ಅಲ್ವಾ? ಇಲ್ಲಿ ಅದನ್ನು ಬೇಕಂತಲೇ ಬಿಟ್ಟಿದ್ದಾರೆ. ಪರದೆ ಅಗಲ ಇದೆ, ಹಿನ್ನೆಲೆ ಪದರ ಪದರವಾಗಿ ಸರಿಯುತ್ತದೆ. ಕಣ್ಣಿಗೆ ಹಳೆಯದು, ಕೈಗೆ ಹೊಸದು. ಸಂಗೀತ ಜೇಕ್ ಕಾಫ್‌ಮನ್ ಅವರದು. ಮೆಗಾ ಮ್ಯಾನ್ ಅನ್ನೋ ಹಳೇ ಗೇಮ್ ಸರಣಿಯ ಮೊದಲ ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಅವರ ಎರಡು ಟ್ಯೂನ್ ಕೂಡ ಇದರಲ್ಲಿವೆ. ಸೌಂಡ್ ಆಫ್ ಮಾಡಿ ಆಡಬೇಡಿ, ದಯವಿಟ್ಟು.

ಈಗ ಕೊಳ್ಳುವುದಾದರೆ ಟ್ರೆಷರ್ ಟ್ರೋವ್ ಅನ್ನೋ ಪೂರ್ತಿ ಆವೃತ್ತಿ ತೆಗೆದುಕೊಳ್ಳಿ. ಮೂಲ ಆಟಕ್ಕೆ ಅದರಲ್ಲಿ ಶವೆಲ್ ಆಫ್ ಹೋಪ್ ಅಂತ ಹೆಸರು. ಅದರಿಂದಲೇ ಶುರು ಮಾಡಿ. ಮಾತೆಲ್ಲ ಇಂಗ್ಲಿಷ್‌ನಲ್ಲಿದೆ, ಕನ್ನಡ ಇಲ್ಲ. ಆದರೂ ಓದದೆ ಒತ್ತಿಕೊಂಡು ಹೋಗಬೇಡಿ, ಹಳ್ಳಿಯ ಜನರ ಮಾತು ತಮಾಷೆಯಾಗಿದೆ.

ಮೊದಲು ಕೈ ಪಳಗಿಸಿ

ಡಿ-ಪ್ಯಾಡ್, ಅಂದರೆ ಕಂಟ್ರೋಲರ್ ಮೇಲಿನ ಕೂಡಿಸುವ ಚಿಹ್ನೆಯ ಆಕಾರದ ಬಟನ್, ಬಳಸಿ. ಅನಲಾಗ್ ಕಡ್ಡಿಯಲ್ಲಿ ಆಡಿದರೆ ಬೆರಳು ಸ್ವಲ್ಪ ಕೆಳಗೆ ಜಾರಿದರೂ ಸಾಕು, ನೀವು ಕೇಳದೇ ಇದ್ದರೂ ಅವನು ಸಲಿಕೆಯನ್ನು ಕಾಲ ಕೆಳಗೆ ಇಟ್ಟುಕೊಂಡುಬಿಡುತ್ತಾನೆ. ಗಾಳಿಯಲ್ಲಿರುವಾಗ ಕೆಳಗಿನ ಬಟನ್ ಒತ್ತಿದರೆ ಆಗುವ ಈ ಹೊಡೆತವೇ ಆಟದ ಜೀವ. ಸಲಿಕೆಯ ಮೇಲೆ ನಿಂತು ಶತ್ರುವಿನ ತಲೆ ಮೇಲೆ ಬೀಳುತ್ತೀರಿ, ಪುಟಿಯುತ್ತೀರಿ, ಮತ್ತೆ ಬೀಳುತ್ತೀರಿ. ಪುಟಿದಾಗ ಸಿಗುವ ಎತ್ತರ ಕೆಲವು ಜಾಗದಲ್ಲಿ ದಾರಿಯೂ ಹೌದು.

ಇದನ್ನು ಮೊದಲ ಲೆವೆಲ್ ಹೇಗೆ ಕಲಿಸುತ್ತದೆ ಅನ್ನೋದನ್ನು ಗಮನಿಸಿ. ಅಲ್ಲಿ ಮೇಷ್ಟರ ಪಾಠ ಇಲ್ಲ. ದಾರಿ ಮುಚ್ಚಿರುವ ಮಣ್ಣಿನ ಗಡ್ಡೆ ಕಾಲ ಕೆಳಗೆ ಇರುತ್ತದೆ, ಪಕ್ಕದಿಂದ ಹೊಡೆಯೋಕೆ ಆಗಲ್ಲ. ಏನೇನೋ ಒತ್ತಿ ನೋಡುತ್ತೀರಿ, ಜಿಗಿದು ಕೆಳಗೆ ಒತ್ತಿದ ತಕ್ಷಣ ಗಡ್ಡೆ ಒಡೆಯುತ್ತದೆ. ಅಲ್ಲಿಗೆ ಪಾಠ ಮುಗಿಯಿತು. ಸ್ವಲ್ಪ ಮುಂದೆ ಗುಳ್ಳೆ ಬಿಡುವ ದೊಡ್ಡ ಡ್ರ್ಯಾಗನ್ ಸಿಗುತ್ತದೆ, ಆ ಗುಳ್ಳೆಗಳ ಮೇಲೆ ಪುಟಿದು ಅದರ ತಲೆಗೆ ಹೋಗಬಹುದು. ಅಲ್ಲೇ ಹತ್ತು ನಿಮಿಷ ಸುಮ್ನೆ ಪುಟಿಯುತ್ತಾ ಇರಿ. ನನ್ನ ಮಾತು ನಂಬಿ, ಈ ಹತ್ತು ನಿಮಿಷ ಮುಂದೆ ಒಂದು ಸಂಜೆಯನ್ನೇ ಉಳಿಸುತ್ತದೆ.

ಚೆಕ್‌ಪಾಯಿಂಟ್ ಒಡೆಯಬೇಕಾ?

ಇಲ್ಲಿಂದ ಆಸೆಯ ಆಟ ಶುರು. ಲೆವೆಲ್‌ಗಳ ನಡುವೆ ಹೊಳೆಯುವ ಗಾಜಿನ ಗೋಳ ಇಟ್ಟ ಕಂಬಗಳು ಇರುತ್ತವೆ. ಅವೇ ಚೆಕ್‌ಪಾಯಿಂಟ್. ಸತ್ತರೆ ಅಲ್ಲಿಂದ ಮತ್ತೆ ಶುರು. ಆದರೆ ಅದೇ ಗೋಳವನ್ನು ಸಲಿಕೆಯಿಂದ ಒಡೆದರೆ ಚಿನ್ನ ಸುರಿಯುತ್ತದೆ. ಒಡೆದ ಮೇಲೆ ಸತ್ತರೆ ಅದಕ್ಕಿಂತ ಹಿಂದೆ ಒಡೆಯದೇ ಉಳಿದಿರುವ ಗೋಳದ ಹತ್ತಿರ ಹೋಗಿ ಬೀಳುತ್ತೀರಿ.

ಎಷ್ಟು ಚೆನ್ನಾಗಿದೆ ನೋಡಿ ಈ ಯೋಚನೆ. ಸುಲಭ, ಕಷ್ಟ ಅಂತ ಮೆನುವಿನಲ್ಲಿ ಕೇಳೋದೇ ಇಲ್ಲ. ನಿಮ್ಮ ಧೈರ್ಯಕ್ಕೆ ತಕ್ಕಂತೆ ಆಟವೇ ಕಷ್ಟ ಆಗುತ್ತದೆ, ಅದಕ್ಕೆ ಸಂಬಳವನ್ನೂ ಕೊಡುತ್ತದೆ. ಆದರೆ ಮೊದಲ ಸಲ ಆಡುವವರು ಒಂದನ್ನೂ ಒಡೆಯಬೇಡಿ. ಒಂದನ್ನೂ ಅಂದರೆ ಒಂದನ್ನೂ. ಒಂದು ಲೆವೆಲ್ ಮುಗಿಸಿ, ದಾರಿ ಗೊತ್ತಾದ ಮೇಲೆ, ದುಡ್ಡು ಬೇಕಾದಾಗ ಮತ್ತೆ ಅದೇ ಲೆವೆಲ್‌ಗೆ ಹೋಗಿ ಆಗ ಒಡೆಯಿರಿ. ಬಾಸ್ ಕೋಣೆಯ ಮುಂಚಿನ ಗೋಳವನ್ನಂತೂ ಮುಟ್ಟಲೇಬೇಡಿ.

ಇನ್ನು ಚೀಲಗಳ ವಿಷಯ. ಈ ಆಟದಲ್ಲಿ "ಲೈಫ್" ಲೆಕ್ಕ ಇಲ್ಲ, ಎಷ್ಟು ಸಲ ಬೇಕಾದರೂ ಸಾಯಬಹುದು. ಸತ್ತಾಗ ನಿಮ್ಮ ಚಿನ್ನದಲ್ಲಿ ಒಂದು ಪಾಲು ರೆಕ್ಕೆಯ ಚೀಲಗಳಾಗಿ ಸತ್ತ ಜಾಗದಲ್ಲೇ ತೇಲುತ್ತಿರುತ್ತದೆ. ವಾಪಸ್ ಹೋಗಿ ಮುಟ್ಟಿದರೆ ನಿಮ್ಮದು. ಅದಕ್ಕೆ ಮುಂಚೆ ಇನ್ನೊಂದು ಸಲ ಸತ್ತರೆ ಹಳೆಯ ಚೀಲ ಮಾಯ, ಹೊಸ ಪಾಲು ಹೊಸ ಚೀಲಕ್ಕೆ. ನನಗೆ ಸಿಟ್ಟು ಬರೋದು ಎಲ್ಲಿ ಅಂದರೆ, ಗುಂಡಿಗೆ ಬಿದ್ದು ಸತ್ತರೆ ಚೀಲಗಳು ಆ ಗುಂಡಿಯ ಬಾಯಿಯ ಮೇಲೇ ಸುಳಿಯುತ್ತಿರುತ್ತವೆ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ. ಆಟ ನಮ್ಮನ್ನು ಅಣಕಿಸುತ್ತಿದೆ ಅನ್ನಿಸುತ್ತದೆ.

ಒಂದು ನಿಯಮ ಇಟ್ಟುಕೊಳ್ಳಿ. ಚೀಲ ನೀವು ಹೇಗಿದ್ದರೂ ಹೋಗುವ ದಾರಿಯಲ್ಲೇ ಇದ್ದರೆ ತೆಗೆದುಕೊಳ್ಳಿ. ಅದಕ್ಕಾಗಿ ಬೇರೆ ಜಿಗಿತ ಬೇಕು ಅಂದರೆ ಬಿಟ್ಟುಬಿಡಿ. ಚಿನ್ನ ಈ ಲೋಕದಲ್ಲಿ ನೆಲ ಅಗೆದರೆ ಸಿಗುತ್ತದೆ, ಅಕ್ಷರಶಃ. ಹೋದ ದುಡ್ಡಿಗೆ ಅಳುತ್ತಾ ಕೂತರೆ ಇದ್ದದ್ದೂ ಹೋಗುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕಳೆಯುವುದೂ ಕಡಿಮೆ ತಾನೇ. ಅದಕ್ಕೇ ಕಷ್ಟದ ಲೆವೆಲ್‌ಗೆ ಹೋಗುವ ಮುಂಚೆ ಹಳ್ಳಿಗೆ ಹೋಗಿ ಖರ್ಚು ಮಾಡಿಬಿಡಿ. ಮೊದಲ ದುಡ್ಡು ಹೊಟ್ಟೆಗೆ. ಹಳ್ಳಿಯಲ್ಲಿ ಊಟದ ಟಿಕೆಟ್ ತೆಗೆದುಕೊಂಡು ಊಟ ಹಾಕುವವನಿಗೆ ಕೊಟ್ಟರೆ ಹೆಲ್ತ್ ಜಾಸ್ತಿಯಾಗುತ್ತದೆ. ಆಮೇಲೆ ಮ್ಯಾಜಿಕ್. ಮುಂದೆ ಕವಚ ಮಾರುವ ಜಾಗ ಸಿಕ್ಕಾಗ ಫೈನಲ್ ಗಾರ್ಡ್ ನೋಡಿ, ಅದನ್ನು ಹಾಕಿಕೊಂಡರೆ ಸತ್ತಾಗ ಕಳೆಯುವ ಚಿನ್ನ ಕಡಿಮೆ. ಆರ್ನೇಟ್ ಪ್ಲೇಟ್ ಅಂತ ಥಳಥಳ ಹೊಳೆಯುವ ಚಿನ್ನದ ಕವಚ ಒಂದಿದೆ. ಅದರಿಂದ ಒಂದು ಪೈಸೆ ಉಪಯೋಗ ಇಲ್ಲ, ಬರೀ ಶೋಕಿ. ನಾನು ಕೊಂಡೆ. ಮದುವೆ ಮನೆಗೆ ಹೋಗುವವನ ಹಾಗೆ ಹೋಗಿ ಮುಳ್ಳಿನ ಮೇಲೆ ಬಿದ್ದೆ.

ಯಾವ ಯೋಧ ಮೊದಲು

ನಕ್ಷೆ ಮೂರು ಹಂತದಲ್ಲಿ ತೆರೆಯುತ್ತದೆ. ಮೊದಲ ಹಂತದಲ್ಲಿ ಕಿಂಗ್ ನೈಟ್ ಮತ್ತು ಸ್ಪೆಕ್ಟರ್ ನೈಟ್. ಕಿಂಗ್ ನೈಟ್ ಸುಲಭ, ತಲೆ ಮೇಲೆ ಪುಟಿಯುತ್ತಾ ಇದ್ದರೆ ಸಾಕು. ಸ್ಪೆಕ್ಟರ್ ನೈಟ್‌ನ ಸ್ಮಶಾನದಲ್ಲಿ ನಡುವೆ ಕತ್ತಲಾಗುತ್ತದೆ, ಮಿಂಚು ಹೊಡೆದಾಗ ಬರೀ ನೆರಳು ಕಾಣುತ್ತದೆ. ಆಗ ಓಡಬೇಡಿ, ನಿಂತು ಮಿಂಚಿಗೆ ಕಾಯಿರಿ. ಲೆವೆಲ್‌ಗಳಲ್ಲಿ ಅಡಗಿರುವ ನೀಲಿ ಪೆಟ್ಟಿಗೆಯೊಳಗೆ ಚೆಸ್ಟರ್ ಅನ್ನೋ ವ್ಯಾಪಾರಿ ಕೂತಿರುತ್ತಾನೆ, ರೆಲಿಕ್‌ಗಳನ್ನು, ಅಂದರೆ ಮ್ಯಾಜಿಕ್ ಖರ್ಚು ಮಾಡಿ ಬಳಸುವ ಮಾಯದ ಸಾಮಾನುಗಳನ್ನು ಮಾರುತ್ತಾನೆ. ಅವನ ಹತ್ತಿರ ಫೇಸ್ ಲಾಕೆಟ್ ತಪ್ಪದೆ ಕೊಳ್ಳಿ. ಅದನ್ನು ಬಳಸಿದರೆ ಒಂದೆರಡು ಕ್ಷಣ ಏನೂ ತಗಲುವುದಿಲ್ಲ. ಲೆವೆಲ್ ಒಳಗೇ ಕೊಂಡರೆ ಅಗ್ಗ, ಆಮೇಲೆ ಹಳ್ಳಿಯಲ್ಲಿ ಕೊಂಡರೆ ದುಬಾರಿ. ಎಷ್ಟೋ ಜನ ರೆಲಿಕ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಳಸುವುದೇ ಇಲ್ಲ. ಬಳಸಿ! ಮ್ಯಾಜಿಕ್ ಬಾಟಲಿ ದಾರಿಯಲ್ಲಿ ಸಿಗುತ್ತಲೇ ಇರುತ್ತದೆ.

ಎರಡನೇ ಹಂತದ ಮೂವರನ್ನು ಯಾವ ಕ್ರಮದಲ್ಲಾದರೂ ಹೊಡೆಯಿರಿ, ದೊಡ್ಡ ವ್ಯತ್ಯಾಸ ಇಲ್ಲ.

ಮೂರನೇ ಹಂತಕ್ಕೆ ಬಂದಾಗ ಮೂಗಿನ ತುದಿಗೆ ಸಿಟ್ಟು ಬರುತ್ತದೆ, ಅದು ನಿಮ್ಮ ತಪ್ಪಲ್ಲ. ಈ ಆಟದಲ್ಲಿ ಏಟು ಬಿದ್ದರೆ ನಿಮ್ಮ ಯೋಧ ಹಿಂದಕ್ಕೆ ಎಗರುತ್ತಾನೆ. ಹಿಂದೆ ಗುಂಡಿ ಇದ್ದರೆ ಹೆಲ್ತ್ ತುಂಬಿದ್ದರೂ ಸಾವು. ಮುಳ್ಳು ಮುಟ್ಟಿದರೂ ಅಷ್ಟೇ. ಹಾಗಾಗಿ ಊಟ ಹಾಕಿಸಿ ಬೆಳೆಸಿದ ಅಷ್ಟುದ್ದದ ಹೆಲ್ತ್ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಹಳೇ ಆಟಗಳ ಒಳ್ಳೆಯದನ್ನೆಲ್ಲ ಇಟ್ಟುಕೊಂಡು ಕೆಟ್ಟದ್ದನ್ನು ಬಿಟ್ಟವರು ಇದೊಂದನ್ನು ಯಾಕೆ ಇಟ್ಟುಕೊಂಡರೋ. ನನಗಂತೂ ಇದು ಆಟದ ದೊಡ್ಡ ಕೊರತೆ ಅನ್ನಿಸುತ್ತದೆ.

ಹಾರುವ ಹಡಗಿನ ಲೆವೆಲ್, ಅಂದರೆ ಪ್ರೊಪೆಲ್ಲರ್ ನೈಟ್‌ನದು, ಇದಕ್ಕೆ ಒಳ್ಳೆಯ ಉದಾಹರಣೆ. ಕಳೆದ ರಜೆಯಲ್ಲಿ ನಮ್ಮಣ್ಣನ ಮಗ ಇದನ್ನು ಆಡುತ್ತಾ ಕೂತಿದ್ದ. ಜಿಗಿಯುತ್ತಾನೆ, ಗಾಳಿ ತಳ್ಳುತ್ತದೆ, ಬೀಳುತ್ತಾನೆ. ಮತ್ತೆ ಜಿಗಿಯುತ್ತಾನೆ, ಬೀಳುತ್ತಾನೆ. "ಚಿಕ್ಕಪ್ಪಾ, ಇದು ಮೋಸ, ಗಾಳಿ ನನ್ನನ್ನೇ ನೋಡ್ಕೊಂಡು ಬೀಸುತ್ತೆ" ಅಂದ. ನಾನು ಕಂಟ್ರೋಲರ್ ಕಿತ್ತುಕೊಳ್ಳಲಿಲ್ಲ, "ಕೈ ತೆಗಿ, ಸುಮ್ನೆ ನೋಡು" ಅಂದೆ. ಯೋಧ ಸುಮ್ಮನೆ ನಿಂತಿದ್ದ. ಗಾಳಿ ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ನಾಲ್ಕನೇ ಸಲಕ್ಕೆ ಅವನೇ ಬಾಯಲ್ಲಿ ಎಣಿಸೋಕೆ ಶುರು ಮಾಡಿದ. ಎದುರುಗಾಳಿ ನಿಂತ ಕೂಡಲೇ ಹಾರಿದ, ದಾಟಿದ. ಆಮೇಲೆ ಆಚೆ ಬದಿಯಿಂದ ತಿರುಗಿ ನೋಡಿದರೆ ಗುಂಡಿಯ ಮೇಲೆ ಅವನ ಮೂರು ಚೀಲ! "ಚಿಕ್ಕಪ್ಪಾ, ಒಂದೇ ಒಂದು..." ಅಂದ. ನಾನು ಏನೂ ಹೇಳಲಿಲ್ಲ. ಹಾರಿದ. ಬಿದ್ದ.

ಅಲ್ಲೇ ಸಿಗುವ ಪ್ರೊಪೆಲ್ಲರ್ ಡ್ಯಾಗರ್ ಅನ್ನೋ ರೆಲಿಕ್ ನೇರ ಗಾಳಿಯಲ್ಲಿ ಮುಂದಕ್ಕೆ ನುಗ್ಗಿಸುತ್ತದೆ. ಅದನ್ನು ಕೊಂಡ ಮೇಲೆ ಅಗಲದ ಗುಂಡಿಗಳ ಭಯ ಅರ್ಧ ಹೋಗುತ್ತದೆ.

ಪೋಲಾರ್ ನೈಟ್ ಹತ್ತಿರ ನೆಲದ ಹಿಮವನ್ನು ಕಾಪಾಡಿಕೊಳ್ಳಿ. ಅವನು ಹಿಮ ಗೋರಿದರೆ ಅಡಿಯಲ್ಲಿ ಮುಳ್ಳು ಕಾಣುತ್ತದೆ, ಹಿಮ ಉಳಿದಿರುವ ಜಾಗದಲ್ಲೇ ಕಾಲಿಡಿ. ಟಿಂಕರ್ ನೈಟ್ ಮೊದಲು ಪುಟ್ಟ ಹುಡುಗನ ಹಾಗೆ ಸ್ಪ್ಯಾನರ್ ಎಸೆಯುತ್ತಾ ಓಡಾಡುತ್ತಾನೆ, ಸುಲಭವಾಗಿ ಸೋಲುತ್ತಾನೆ. ಗೆದ್ದೆ ಅಂತ ಕುಣಿಯಬೇಡಿ, ಆಮೇಲೆ ದೈತ್ಯ ಯಂತ್ರ ಹತ್ತಿ ಬರುತ್ತಾನೆ. ಅಲ್ಲಿ ಸತ್ತರೆ ಮತ್ತೆ ಪುಟ್ಟ ಹುಡುಗನಿಂದಲೇ ಶುರು, ಇದು ಬೇಜಾರು. ಹಾಗಾಗಿ ಔಷಧಿಯನ್ನು ಯಂತ್ರಕ್ಕೆ ಅಂತಲೇ ಉಳಿಸಿಕೊಳ್ಳಿ.

ಔಷಧಿ ಅಂದೆ ಅಲ್ವಾ. ಟ್ರಪಲ್ ಕಿಂಗ್ ಅಂತ ಒಬ್ಬ ರಾಜ ಇದ್ದಾನೆ, ಅರ್ಧ ಮೀನು, ಅರ್ಧ ಸೇಬು. ಅವನ ಕೊಳಕ್ಕೆ ಬಟ್ಟಲು ತೆಗೆದುಕೊಂಡು ಹೋದರೆ ತುಂಬಿಸಿ ಕೊಡುತ್ತಾನೆ. ಹೆಲ್ತ್ ಮತ್ತು ಮ್ಯಾಜಿಕ್ ಪೂರ್ತಿ ತುಂಬುವ ಔಷಧಿಯನ್ನೇ ಆರಿಸಿ. ಸ್ವಲ್ಪ ಹೊತ್ತು ಏಟು ತಗಲದ ಹಾಗೆ ಮಾಡುವುದೂ ಇದೆ, ಮೊದಲ ಸಲಕ್ಕೆ ಬೇಡ. ಕೊಡುವ ಮುಂಚೆ ಮೀನುಗಳೆಲ್ಲ ಸೇರಿ ಕುಣಿಯುತ್ತವೆ. ಸ್ಕಿಪ್ ಮಾಡಿದವರ ಜೊತೆ ನನಗೆ ಮಾತಿಲ್ಲ.

ಇನ್ನೊಂದು ವಿಷಯ. ಕೆಲವು ಬಾಸ್‌ಗಳ ನಂತರ ಯೋಧ ಬೆಂಕಿ ಹಾಕಿಕೊಂಡು ಮಲಗುತ್ತಾನೆ, ಕನಸು ಬರುತ್ತದೆ. ಶೀಲ್ಡ್ ನೈಟ್ ಆಕಾಶದಿಂದ ನಿಧಾನಕ್ಕೆ ಬೀಳುತ್ತಿರುತ್ತಾಳೆ, ಸುತ್ತ ಶತ್ರುಗಳು, ಹಿಡಿಯೋಕೆ ಓಡಬೇಕು. ಮೊದಲ ಸಲ ನಾನು ಶತ್ರುಗಳನ್ನು ಹೊಡೆದು ಚಿನ್ನ ಎತ್ತಿಕೊಳ್ಳುವುದರಲ್ಲೇ ಇದ್ದೆ, ಅವಳ ಕಡೆ ನೋಡಲೇ ಇಲ್ಲ. ನೀವು ನೋಡಿ.

ಎಂಟು ಜನ ಮುಗಿದ ಮೇಲೆ ಮಾಟಗಾತಿಯ ಗೋಪುರ, ಟವರ್ ಆಫ್ ಫೇಟ್. ಅಲ್ಲಿ ಎಂಟೂ ಬಾಸ್‌ಗಳು ಒಬ್ಬರಾದ ಮೇಲೆ ಒಬ್ಬರು ಮತ್ತೆ ಬರುತ್ತಾರೆ. ಹೋಗುವ ಮುಂಚೆ ಇರುವ ಚಿನ್ನವೆಲ್ಲ ಖಾಲಿ ಮಾಡಿ, ಬಟ್ಟಲು ತುಂಬಿಸಿಕೊಳ್ಳಿ. ಮುಂದೇನು ಅಂತ ಹೇಳೋದಿಲ್ಲ.

ಮುಗಿದ ಮೇಲೆ ಟ್ರೆಷರ್ ಟ್ರೋವ್‌ನಲ್ಲೇ ಇರುವ ಉಳಿದ ಮೂರು ಕಥೆಗಳಲ್ಲಿ 2017ರಲ್ಲಿ ಬಂದ ಸ್ಪೆಕ್ಟರ್ ಆಫ್ ಟಾರ್ಮೆಂಟ್ ಮೊದಲು ಆಡಿ. ಗಾಳಿಯಲ್ಲಿ ಓರೆಯಾಗಿ ಕುಡುಗೋಲು ಬೀಸುತ್ತಾ ಸಾಗುವ ಮಜಾನೇ ಬೇರೆ, ನನಗೆ ಮೂಲ ಆಟಕ್ಕಿಂತ ಇದೇ ಇಷ್ಟ. 2015ರ ಪ್ಲೇಗ್ ಆಫ್ ಶ್ಯಾಡೋಸ್ ಬಾಂಬ್ ಸಿಡಿಸಿ ಜಿಗಿಯುವ ಆಟ, ಕೈ ಒಗ್ಗೋಕೆ ತುಂಬ ಹೊತ್ತು ಬೇಕು, ಕೊನೆಗೆ ಇಟ್ಟುಕೊಳ್ಳಿ. 2019ರ ಕಿಂಗ್ ಆಫ್ ಕಾರ್ಡ್ಸ್‌ನಲ್ಲಿ ಲೆವೆಲ್‌ಗಳು ಚಿಕ್ಕ ಚಿಕ್ಕದು, ಜೊತೆಗೆ ಜೌಸ್ಟಸ್ ಅಂತ ಕಾರ್ಡ್ ಆಟ ಒಂದನ್ನು ಸೇರಿಸಿದ್ದಾರೆ. ಅದನ್ನು ಆಡದೆಯೂ ಮುಂದೆ ಹೋಗಬಹುದು. ಸೋತರೆ ಎದುರಿನವನು ನಿಮ್ಮ ಕಾರ್ಡ್ ಎತ್ತಿಕೊಳ್ಳುತ್ತಾನೆ. ಅದನ್ನು ವಾಪಸ್ ಗೆಲ್ಲೋಕೆ ಹೋಗಿ ನಾನು ಇನ್ನೂ ಎರಡು ಕಾರ್ಡ್ ಕಳೆದುಕೊಂಡು ಕೂತಿದ್ದೇನೆ.